ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ಏಪ್ರಿಲ್ ಬಂತೆಂದರೆ ಕಲಬುರಗಿಯ ಎಸಿ ಮೆಕ್ಯಾನಿಕ್‌ಗಳಿಗೆ ಬರುವ ಕರೆಯ ಮೊದಲ ಮಾತು ಬಹುತೇಕ ಒಂದೇ: “ಅಣ್ಣಾ, ಗ್ಯಾಸ್ ಖಾಲಿಯಾಗಿದೆ, ತುಂಬಿ ಹೋಗಿ.” ತಪ್ಪು ಶುರುವಾಗುವುದೇ ಇಲ್ಲಿ. ಈ ಗ್ಯಾಸ್, ಅಂದರೆ ಎಸಿಯನ್ನು ತಂಪಾಗಿಸುವ ಶೀತಕವು, ಉರಿದು ತೀರಲು ಸ್ಕೂಟರಿನ ಪೆಟ್ರೋಲ್ ಅಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಐಟಿಐ ಪರೀಕ್ಷೆಗೆ ಓದುತ್ತಿರುವವರು ಇದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ.

ಕಾನೂನಿನ ಒಣ ಭಾಗವನ್ನು ಮೊದಲೇ ಮುಗಿಸುತ್ತೇನೆ. ಓಝೋನ್ ಪದರ ಹಾಳುಮಾಡುವ ವಸ್ತುಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ನಮ್ಮ ದೇಶದಲ್ಲಿ ಅದಕ್ಕಾಗಿ 2000ದಲ್ಲಿ ನಿಯಮಗಳು ಬಂದವು. ಹಳೆಯ ಎಸಿಗಳ ಶೀತಕವಾದ ಆರ್-22 ಈ ಗುಂಪಿನದು. ಹೊಸ ಉಪಕರಣಗಳ ತಯಾರಿಕೆಯಲ್ಲಿ ಅದರ ಬಳಕೆ 2024ರ ಕೊನೆಗೆ ನಿಂತಿದೆ. ಹಾಗೆಂದು ಹಳೆಯ ಎಸಿಯನ್ನು ಗುಜರಿಗೆ ಹಾಕಬೇಕಿಲ್ಲ, ರಿಪೇರಿ ಮಾಡಬಹುದು. ಅದರ ನಂತರ ಬಂದ ಶೀತಕಗಳಾದ ಆರ್-410ಎ ಮತ್ತು ಆರ್-32 ಓಝೋನ್‌ಗೆ ಕೈ ಹಚ್ಚುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತವೆ: ಕಾರ್ಬನ್ ಡೈಆಕ್ಸೈಡ್‌ಗೆ ಹೋಲಿಸಿದರೆ ಮೊದಲನೆಯದು ಸುಮಾರು 2088 ಪಟ್ಟು, ಎರಡನೆಯದು 675 ಪಟ್ಟು. ಇವುಗಳ ಬಳಕೆ ಕಡಿಮೆ ಮಾಡಲು ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿ ಇದೆ. ಭಾರತ ಅದನ್ನು 2021ರಲ್ಲಿ ಒಪ್ಪಿತು. ನಮ್ಮ ಕಡಿತ 2032ರಿಂದ ಆರಂಭ.

ಇನ್ನು ಶೀತಕ ತುಂಬಿಡುವ ಸಿಲಿಂಡರ್. ಪರೀಕ್ಷೆಯಲ್ಲಿ “ಶೇಕಡಾ 80ಕ್ಕಿಂತ ಹೆಚ್ಚು ತುಂಬಬಾರದು” ಎಂದು ಎಲ್ಲರೂ ಬರೆಯುತ್ತಾರೆ, ಏಕೆ ಎಂದು ಕೇಳಿದರೆ ತಡವರಿಸುತ್ತಾರೆ. ಸಿಲಿಂಡರಿನೊಳಗೆ ಒತ್ತಡದಿಂದ ಶೀತಕ ದ್ರವವಾಗಿರುತ್ತದೆ, ದ್ರವ ಬಿಸಿಯಾದಂತೆ ಹಿಗ್ಗುತ್ತದೆ. ಕಂಠಪೂರ್ತಿ ತುಂಬಿದ ಸಿಲಿಂಡರನ್ನು ಮೇ ತಿಂಗಳ ಮಧ್ಯಾಹ್ನ ಬೈಕಿಗೆ ಕಟ್ಟಿಕೊಂಡು ಸೂಪರ್ ಮಾರ್ಕೆಟ್ ಕಡೆ ಹೊರಟರೆ, ಹಿಗ್ಗಲು ಒಳಗೆ ಜಾಗವಿಲ್ಲದೆ ಒತ್ತಡ ಥಟ್ಟನೆ ಏರುತ್ತದೆ. 12 ಲೀಟರ್ ಸಿಲಿಂಡರ್ ತೆಗೆದುಕೊಳ್ಳಿ. ಅದರ ಶೇಕಡಾ 80 ಎಂದರೆ 9.6 ಲೀಟರ್. 25 ಡಿಗ್ರಿಯಲ್ಲಿ ಒಂದು ಲೀಟರ್ ಆರ್-22 ದ್ರವದ ತೂಕ ಸುಮಾರು 1.19 ಕಿಲೋ, ಆರ್-32ರದು ಸುಮಾರು 0.96 ಕಿಲೋ. ಅಂದರೆ ಒಂದೇ ಸಿಲಿಂಡರಿಗೆ ಮೊದಲನೆಯದು 11.4 ಕಿಲೋ ಹಿಡಿಸಿದರೆ ಎರಡನೆಯದು 9.2 ಕಿಲೋ ಮಾತ್ರ. ಖಾಲಿ ಸಿಲಿಂಡರ್ 8 ಕಿಲೋ ಇದ್ದರೆ ಆರ್-32 ತುಂಬುವಾಗ ತಕ್ಕಡಿ 17.2 ತೋರಿಸಿದೊಡನೆ ಕೈ ನಿಲ್ಲಬೇಕು. ಕೈಯಲ್ಲಿ ಎತ್ತಿ ಅಂದಾಜು ಹೇಳುವ ಹಿರಿಯ ಮೇಸ್ತ್ರಿಗಳನ್ನು ನೋಡಿದ್ದೇನೆ. ಅವರ ಅನುಭವಕ್ಕೆ ನಮಸ್ಕಾರ, ತಕ್ಕಡಿ ಮಾತ್ರ ನಮ್ಮ ಚೀಲದಲ್ಲಿರಲಿ.

ಬಾಡಿಗೆ ಮನೆ ಬದಲಿಸುವವರ ಎಸಿ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡುವುದೇ ರೂಢಿ. ಬೇಕಿಲ್ಲ. ಯಂತ್ರ ಓಡುತ್ತಿರುವಾಗ ಸಣ್ಣ ಪೈಪಿನ ವಾಲ್ವನ್ನು ಅಲೆನ್ ಕೀಯಿಂದ ಮುಚ್ಚಿ. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಇಳಿದಾಗ ದೊಡ್ಡದನ್ನೂ ಮುಚ್ಚಿ ತಕ್ಷಣ ಯಂತ್ರ ನಿಲ್ಲಿಸಿ. ಗ್ಯಾಸ್ ಮನೆಯ ಹೊರಗಿನ ಯೂನಿಟ್ಟಿನಲ್ಲಿಯೇ ಉಳಿಯುತ್ತದೆ. ಕಂಪ್ರೆಸರ್ ಓಡುವಾಗ ಪೈಪ್ ಸಡಿಲಿಸಬೇಡಿ. ಗಾಳಿ ಒಳಹೊಕ್ಕು ಎಣ್ಣೆಯೊಂದಿಗೆ ಒತ್ತಡಕ್ಕೆ ಸಿಕ್ಕರೆ ಸಿಡಿಯಬಹುದು. ಕಂಪ್ರೆಸರೇ ಕೆಟ್ಟಿದ್ದರೆ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ರಿಕವರಿ ಮಷೀನ್ ಬೇಕು. ಸೋರಿಕೆ ಹುಡುಕಲು ಪೈಪಿಗೆ ನೈಟ್ರೋಜನ್ ತುಂಬಿ ಹೊರಗೆ ಸಾಬೂನು ನೀರು ಹಚ್ಚಿ, ಸೋರುವಲ್ಲಿ ಗುಳ್ಳೆ ಏಳುತ್ತದೆ. ಆಕ್ಸಿಜನ್ ಎಂದಿಗೂ ಬೇಡ.

ಬಿಲ್ಲಿನಲ್ಲಿ “ಗ್ಯಾಸ್ ಫುಲ್” ಎಂದು ಗೀಚಬೇಡಿ. ಎಷ್ಟು ಗ್ರಾಂ ತೆಗೆದಿರಿ, ಎಷ್ಟು ಹಾಕಿದಿರಿ, ಪೈಪ್ ಜೋಡಿಸುವ ಯಾವ ಫ್ಲೇರ್ ನಟ್ ಬಳಿ ಗುಳ್ಳೆ ಎದ್ದಿತು ಎಂದು ಬರೆಯಿರಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಮನೆಯಿಂದ ಕರೆ ಬಂದರೆ ಸಾಬೂನು ನೀರನ್ನು ಮೊದಲು ಎಲ್ಲಿ ಹಚ್ಚಬೇಕೆಂದು ಆ ಚೀಟಿಯೇ ಹೇಳುತ್ತದೆ.