ಟಿಸಿಡಿ ಟಿಪ್ಪಣಿ: ವೇಗ ಬೇರೆ, ಹರಿವು ಬೇರೆ

ಟಿಸಿಡಿ (ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್) ಎಂದರೆ ತಲೆಬುರುಡೆಯ ಹೊರಗಿನಿಂದಲೇ ಶ್ರವಣಾತೀತ ತರಂಗ ಕಳಿಸಿ ಮೆದುಳಿನ ನಾಳಗಳಲ್ಲಿ ರಕ್ತದ ವೇಗ ಅಳೆಯುವ ಪರೀಕ್ಷೆ. ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲಂಚಿನಲ್ಲಿ ಜೆಲ್ ಹಚ್ಚಿ 2 ಮೆಗಾಹರ್ಟ್ಸ್ ಪ್ರೋಬ್ ಇಡಿ. 45ರಿಂದ 65 ಮಿ.ಮೀ. ಆಳದಲ್ಲಿ ಪ್ರೋಬಿನ ಕಡೆಗೆ ಬರುವ ಹರಿವೇ ಎಂಸಿಎ, ಅಂದರೆ ಮೆದುಳಿನ ನಡುವಿನ ಅಪಧಮನಿ. ಏನೂ ಸಿಗದಿದ್ದರೆ ನಾಳ ಮುಚ್ಚಿದೆ ಎಂದು ಬರೆದುಬಿಡಬೇಡಿ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎಷ್ಟೋ ಸಲ ಮೂಳೆಯೇ ತರಂಗವನ್ನು ಒಳಗೆ ಬಿಡುವುದಿಲ್ಲ. ಅದೇ ಜಾಗದಿಂದ ಎಸಿಎ (ಮುಂದಿನ ಅಪಧಮನಿ), ಪಿಸಿಎ (ಹಿಂದಿನದು) ಸಿಕ್ಕು ಎಂಸಿಎ ಮಾತ್ರ ಸಿಗದಿದ್ದರೆ ಆಗ ಅನುಮಾನಪಡಿ.

ಸರಾಸರಿ ವೇಗವನ್ನು ಕೈಯಲ್ಲಿ ಲೆಕ್ಕ ಹಾಕುವಾಗ ಎರಡರಿಂದ ಭಾಗಿಸುವುದು ಮಾಮೂಲಿ ತಪ್ಪು. ಡಯಾಸ್ಟೋಲ್ (ಹೃದಯ ಸಡಿಲವಾಗುವ ಹಂತ) ಸಿಸ್ಟೋಲಿಗಿಂತ (ಹೃದಯ ಹಿಂಡುವ ಹಂತ) ಹೆಚ್ಚು ಹೊತ್ತು ಇರುವುದರಿಂದ ಅದನ್ನು ಎರಡು ಸಲ ಕೂಡಿಸಿ ಮೂರರಿಂದ ಭಾಗಿಸಬೇಕು. ಸಿಸ್ಟೋಲ್ ವೇಗ 180, ಡಯಾಸ್ಟೋಲ್ ವೇಗ 80 ಇದ್ದರೆ (180 + 160) ÷ 3, ಅಂದರೆ ಸೆಕೆಂಡಿಗೆ 113 ಸೆಂ.ಮೀ. ಎರಡರಿಂದ ಭಾಗಿಸಿದರೆ 130. ಎಂಸಿಎಗೆ ಸಾಮಾನ್ಯವಾಗಿ ಬಳಸುವ ಗೆರೆಗಳು 100 (50% ಕಿರಿದು) ಮತ್ತು 120 (70%). ಒಂದು ತಪ್ಪು ಭಾಗಾಕಾರ ರೋಗಿಯನ್ನು ಗೆರೆ ದಾಟಿಸಿಬಿಡುತ್ತದೆ! ಎರಡೂ ಬದಿ ವೇಗ ಏರಿದ್ದರೆ ಮೊದಲು ಜ್ವರ, ಹಿಮೋಗ್ಲೋಬಿನ್ ನೋಡಿ; ನಾಳ ಕಿರಿದಾಗದೆ ಜ್ವರ, ರಕ್ತಹೀನತೆಯಿಂದಲೂ ಹೀಗಾಗಬಹುದು.

ಈಗ ನಿಜವಾಗಿ ತಲೆ ಕೆಡಿಸುವ ಭಾಗ. ಮಲೆನಾಡಿನ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಇಳಿಸಿದ ಕರಿ ಪೈಪು ಗೊತ್ತಲ್ಲ. ಅದರ ಬಾಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೀರು ಅಂಗಳ ದಾಟಿ ಚಿಮ್ಮುತ್ತದೆ. ಹಾಗಂತ ಕೊಡ ಬೇಗ ತುಂಬುವುದಿಲ್ಲ. ಟಿಸಿಡಿ ತೋರಿಸುವುದು ಚಿಮ್ಮುವುದನ್ನು, ಕೊಡವನ್ನಲ್ಲ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಅಷ್ಟೇ ರಕ್ತ ಹೋಗಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು. ಪರದೆಯಲ್ಲಿ ಅಷ್ಟು ಸಿಗುವುದು ಅಪರೂಪ. ಹರಿವೂ ತುಸು ಕುಗ್ಗಿರುತ್ತದೆ, ಪ್ರೋಬ್ 30 ಡಿಗ್ರಿ ಓರೆಯಾದರೆ ಸುಮಾರು 13% ಕಡಿಮೆಯೂ ಕಾಣುತ್ತದೆ.

ಬೆರಳನ್ನು ಇನ್ನೂ ಒತ್ತಿ, ಪೂರ್ತಿ ಮುಚ್ಚುವ ಮುಂಚೆ: ಚಿಮ್ಮುವುದು ನಿಂತು ನೀರು ಜಿನುಗುತ್ತದೆ. ನಾಳ ಎಷ್ಟು ಕಿರಿದಾದರೆ ವೇಗ ಎಷ್ಟು ಎಂದು ತೋರಿಸುವ ಸ್ಪೆನ್ಸರ್ ರೇಖೆ ಹೇಳುವುದು ಇದನ್ನೇ. ಕಿರಿದಾದಷ್ಟೂ ವೇಗ ಏರಿ, ನಾಳ ಮುಚ್ಚುವ ಹಂತಕ್ಕೆ ಬಂದಾಗ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ 60 ಕೂಡ ಸಿಗಬಹುದು, ಆರೋಗ್ಯವಂತರ ಅಂಕಿಯ ಹಾಗೇ. ಆದ್ದರಿಂದ ಅಂಕಿಗಿಂತ ಮುಂಚೆ ಅಲೆಯ ಆಕಾರ ನೋಡಿ. ರಕ್ತ ಅಡಚಣೆ ದಾಟಿದ ನಂತರದ ಭಾಗದಲ್ಲಿ ಅಲೆ ಚೂಪಾಗಿ ಏಳದೆ ಗುಡ್ಡದಂತೆ ನಿಧಾನ ಏರುತ್ತದೆ. ಅದೇ ಬದಿಯ ಎಸಿಎ ವೇಗ ಎಂಸಿಎಯನ್ನು ಮೀರಿದ್ದರೆ ರಕ್ತ ಸುತ್ತುದಾರಿ ಹಿಡಿದಿರಬಹುದು.

ಮೆದುಳಿನ ಒಳಗಿನ ಸಣ್ಣ ನಾಳಗಳಿಗೆ ಇನ್ನೂ ಹಿಗ್ಗಿ ಹೆಚ್ಚು ರಕ್ತ ಎಳೆದುಕೊಳ್ಳುವ ಶಕ್ತಿ ಇದೆಯೇ ಎಂದು ತಿಳಿಯಲು 30 ಸೆಕೆಂಡು ಉಸಿರು ಹಿಡಿಸಬೇಕು. ವೇಗ ಶೇಕಡಾ ಎಷ್ಟು ಏರಿತೋ ಅದನ್ನು ಸೆಕೆಂಡುಗಳಿಂದ ಭಾಗಿಸಿ. 50ರಿಂದ 65ಕ್ಕೆ ಏರಿದರೆ 30 ÷ 30 = 1, ಚೆನ್ನಾಗಿದೆ. 57ಕ್ಕೇ ನಿಂತರೆ 0.47, 0.69ಕ್ಕಿಂತ ಕಡಿಮೆ, ಅಂದರೆ ಹಿಗ್ಗುವ ಶಕ್ತಿ ಕುಂದಿದೆ. ಆದರೆ ತುಂಗೆಯಲ್ಲಿ ಮುಳುಗು ಹಾಕುವವರಂತೆ ಎದೆ ತುಂಬ ಉಸಿರೆಳೆದು ಬಿಗಿಹಿಡಿದರೆ ಎದೆಯ ಒತ್ತಡಕ್ಕೆ ವೇಗ ಮೊದಲು ಕುಸಿಯುತ್ತದೆ, ಲೆಕ್ಕ ಕೆಡುತ್ತದೆ. "ಸುಮ್ಮನೆ ಉಸಿರಾಡ್ತಾ ಇರಿ, ನಾನು ಹೇಳ್ದಾಗ ಅಲ್ಲೇ ನಿಲ್ಲಿಸಿ" ಎನ್ನಿ.