ತಂತಿಯಿಲ್ಲದ ನಿಯಂತ್ರಣ: ಅಳತೆ ಬಾರದಿದ್ದಾಗ ಕಂಟ್ರೋಲರ್ ಏನು ಮಾಡಬೇಕು?

ವೈರ್‌ಲೆಸ್ ಜಾಲದ ಮೂಲಕ ಒಂದು ಪ್ರಕ್ರಿಯೆಯನ್ನು ನಿಯಂತ್ರಿಸಬಹುದೇ ಎಂಬುದು, ಸೆನ್ಸರ್‌ನ ಅಳತೆ ತಡವಾದಾಗ ಅಥವಾ ಬಾರದೇ ಹೋದಾಗ ಕಂಟ್ರೋಲರ್ (ಅಳತೆ ನೋಡಿ ಪ್ರಕ್ರಿಯೆಯನ್ನು ಹದದಲ್ಲಿಡುವ ಸಾಧನ) ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ಕೊಡಗಿನಲ್ಲಿ ಕಾಫಿ ಒಣಗಿಸುವ ತಿರುಗು ಡ್ರಮ್ಮನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಳಗಿನ ಕಾಳಿನ ಉಷ್ಣತೆ ತಿಳಿಯಲು ತಂತಿ ಎಳೆದರೆ ಅದು ಡ್ರಮ್ಮಿನೊಂದಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ವೈರ್‌ಲೆಸ್ ಸಹಜವಾದ ಆಯ್ಕೆ. ಆದರೆ ಲೋಹದ ಗೋಡೆ ರೇಡಿಯೊ ಅಲೆಗಳನ್ನು ತಡೆಯುವುದರಿಂದ ಸೆನ್ಸರ್‌ನ ತುದಿ ಒಳಗಿದ್ದರೂ ಆಂಟೆನಾ ಹೊರಮೈಯಲ್ಲೇ ಇರಬೇಕು.

ಕೈಗಾರಿಕೆಗೆಂದೇ ರೂಪುಗೊಂಡ ವೈರ್‌ಲೆಸ್‌ಹಾರ್ಟ್ ಎಂಬ ಜಾಲಪದ್ಧತಿ (2010ರಲ್ಲಿ ಐಇಸಿ 62591 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು) 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಕಾಲವನ್ನು 10 ಮಿಲಿಸೆಕೆಂಡಿನ ಪಾಳಿಗಳಾಗಿ ಹಂಚುವುದು, ಪ್ರತಿ ಬಾರಿಯೂ ಚಾನೆಲ್ ಬದಲಿಸುವುದು, ಒಂದು ದಾರಿ ಮುಚ್ಚಿದರೆ ನೆರೆಯ ಸಾಧನದ ಮೂಲಕ ಸಂದೇಶ ಸಾಗಿಸುವುದು ಇದರ ಬಲ. ಇಷ್ಟಾದರೂ ಅಳತೆಯನ್ನು ಹೊತ್ತ ಪ್ಯಾಕೆಟ್ (ಸಂದೇಶದ ತುಣುಕು) ಕಳೆದುಹೋಗುವುದುಂಟು, ಬ್ಯಾಟರಿ ಉಳಿಸಲು ಅಳತೆಗಳನ್ನು ಬಿಡುವು ಕೊಟ್ಟು ಕಳುಹಿಸುವುದೂ ಉಂಟು.

ಪಿಐಡಿ (ಪ್ರಪೋರ್ಷನಲ್, ಇಂಟಿಗ್ರಲ್, ಡೆರಿವೇಟಿವ್ ಎಂಬ ಮೂರು ಭಾಗಗಳ ಲೆಕ್ಕದಿಂದ ನಡೆಯುವ) ಕಂಟ್ರೋಲರ್ ತೊಡಕಿಗೆ ಸಿಕ್ಕುವುದು ಇಲ್ಲೇ, ಮತ್ತು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ. ಅದು ಪ್ರತಿ ಸೆಕೆಂಡೂ ಲೆಕ್ಕ ಹಾಕುತ್ತಿದ್ದು, ಹೊಸ ಅಳತೆ 30 ಸೆಕೆಂಡಿಗೊಮ್ಮೆ ಮಾತ್ರ ಬಂದರೆ, ನಡುವಿನ ಅಷ್ಟೂ ಹೊತ್ತು ಹಳೆಯ ದೋಷವನ್ನೇ (ಬೇಕಾದ ಉಷ್ಣತೆಗೂ ಅಳೆದ ಉಷ್ಣತೆಗೂ ಇರುವ ವ್ಯತ್ಯಾಸ) ಇಂಟಿಗ್ರಲ್ ಭಾಗ ಮತ್ತೆ ಮತ್ತೆ ಕೂಡಿಸಿಕೊಳ್ಳುತ್ತದೆ. ಕೊನೆಗೆ ಹೊಸ ಅಳತೆ ಬಂದೊಡನೆ, 30 ಸೆಕೆಂಡಿನ ಬದಲಾವಣೆ ಒಂದೇ ಸೆಕೆಂಡಿನಲ್ಲಿ ಆಯಿತೆಂದು ಭಾವಿಸಿ ಬದಲಾವಣೆಯ ವೇಗ ನೋಡುವ ಡೆರಿವೇಟಿವ್ ಭಾಗ ಬಿಸಿಗಾಳಿಯ ವಾಲ್ವನ್ನು ಒಮ್ಮೆಲೇ ಜಗ್ಗುತ್ತದೆ. ಹೊಸ ಅಳತೆ ಬಂದಾಗ ಮಾತ್ರ ಈ ಎರಡೂ ಭಾಗಗಳನ್ನು ಲೆಕ್ಕ ಹಾಕಿ, ಹಿಂದಿನ ಅಳತೆಯಿಂದ ನಿಜವಾಗಿ ಕಳೆದ ಕಾಲವನ್ನೇ ಬಳಸುವುದು ಸರಿಯಾದ ಪರಿಹಾರ. ಕಾಳಿನ ರಾಶಿ ನಿಧಾನವಾಗಿ ಬಿಸಿಯೇರುವುದರಿಂದ ಈ ಅಂತರವನ್ನು ಒಣಗಿಸುವ ಕೆಲಸ ತಾಳಿಕೊಳ್ಳುತ್ತದೆ; ಕ್ಷಣಾರ್ಧದಲ್ಲಿ ಏರಿಳಿಯುವ ಒತ್ತಡದ ನಿಯಂತ್ರಣ ತಾಳುವುದಿಲ್ಲ.

ಕಣದಾಚೆ ತೋಟದ ಪಂಪಿಗೆ ಇದೇ ಜಾಲವನ್ನು ಚಾಚುವುದು ಬೇರೆಯೇ ಕೆಲಸ. ಎಲೆಗಳಲ್ಲಿರುವ ನೀರು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರುವುದರಿಂದ, ಮಳೆಗಾಲದ ಸಿಲ್ವರ್ ಓಕ್ ಸಾಲಿನ ಹಿಂದೆ ಸಂಕೇತ ಸೊರಗುತ್ತದೆ. ಅಲ್ಲಿ ನಮ್ಮ ದೇಶದಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಹೆಚ್ಚು ದೂರ ತಲುಪುತ್ತದೆ. ಆ ಆವರ್ತನ ಪಟ್ಟಿಯಲ್ಲಿ ಕೆಲಸ ಮಾಡುವ ಲೋರಾದಂಥ (ದೂರ ತಲುಪುವ ರೇಡಿಯೊ ವಿಧಾನ) ನಿಧಾನಗತಿಯ ಸಾಧನಗಳು ತೊಟ್ಟಿಯ ನೀರಿನ ಮಟ್ಟ ನೋಡಲು ಸಾಕು.

ಸಂಪರ್ಕ ಪೂರ್ತಿ ಕಡಿದಾಗ ಕೊನೆಯ ಅಳತೆಯನ್ನು ಎಷ್ಟು ಹೊತ್ತು ನಂಬಬೇಕೆಂಬ ಮಿತಿಯನ್ನು ಮೊದಲೇ ಬರೆದಿಡಬೇಕು. ಆ ಮಿತಿ ದಾಟಿದರೆ ಒಲೆಯ ಬಿಸಿಗಾಳಿಯ ದಾರಿ ತಾನೇ ಮುಚ್ಚಬೇಕು, ಡ್ರಮ್ ಮಾತ್ರ ತಿರುಗುತ್ತಿರಬೇಕು. ನಿಂತ ಡ್ರಮ್ಮಿನಲ್ಲಿ ತಳದ ಕಾಳು ಸೀದುಹೋಗುತ್ತದೆ. ತುರ್ತು ನಿಲುಗಡೆಯ ಗುಂಡಿಗೆ ಮಾತ್ರ ತಂತಿಯನ್ನೇ ಎಳೆಯಿರಿ.