ಪದ ಪರಿಚಯ: ಶೈಲೀಕರಣ

ಜನಜೀವನವನ್ನು ಚಿತ್ರಿಸುವ ಕಲಾವಿದರು ಕಂಡದ್ದನ್ನು ಕಂಡ ಹಾಗೇ ಇಳಿಸದೆ, ಬೇಕೆಂದೇ ಆಕಾರಗಳನ್ನು ಸರಳಗೊಳಿಸಿ, ಎಳೆದು, ಎಲ್ಲವನ್ನೂ ಒಂದು ಧಾಟಿಗೆ ತಂದರೆ ಅದು ಶೈಲೀಕರಣ. ಕೈಕಾಲು ನೀಳವಾಗಬಹುದು, ಮುಖಗಳೆಲ್ಲ ಒಂದೇ ಅಚ್ಚಿನಲ್ಲಿ ಬರಬಹುದು. 'ಮನುಷ್ಯರು ಎಲ್ಲಾದರೂ ಹೀಗಿರುತ್ತಾರೆಯೇ?' ಎಂದು ಕೇಳಿ ಮುಂದೆ ಹೋಗಿಬಿಡುವವರೇ ಹೆಚ್ಚು. ನಿಂತು ನೋಡಬೇಕಾದದ್ದು ಅಲ್ಲೇ. ಬದುಕಿನಿಂದ ಚಿತ್ರ ಎಲ್ಲಿ ದೂರ ಸರಿದಿದೆಯೋ ಅಲ್ಲಿ ಕಲಾವಿದನ ಆಯ್ಕೆ ಕಾಣುತ್ತದೆ.

ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾ 1884ರಲ್ಲಿ ಶುರುಮಾಡಿ 1886ರಲ್ಲಿ ಪ್ರದರ್ಶನಕ್ಕಿಟ್ಟ 'ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ'ವನ್ನೇ ನೋಡಿ. ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ ಕ್ಯಾನ್ವಾಸ್, ಈಗ ಷಿಕಾಗೋದಲ್ಲಿದೆ. ಪ್ಯಾರಿಸ್ ಬಳಿ ಸೇನ್ ನದಿಯ ದಂಡೆ, ರಜೆಯ ದಿನ, ಹುಲ್ಲಿನ ಮೇಲೆ ಜನ. ವಿಷಯ ಇಷ್ಟೇ. ಆದರೆ ಬಹುತೇಕರು ಪಕ್ಕಕ್ಕೆ ಮುಖ ಮಾಡಿ, ಕೊರೆದಿಟ್ಟ ಶಿಲ್ಪಗಳ ಹಾಗೆ ನೆಟ್ಟಗಿದ್ದಾರೆ. ಎಡಮೂಲೆಯಲ್ಲಿ ತೋಳಿಲ್ಲದ ಅಂಗಿ ತೊಟ್ಟು, ಪೈಪ್ ಸೇದುತ್ತ ಒರಗಿರುವ ಒಬ್ಬ. ಅವನ ಪಕ್ಕದಲ್ಲೇ ಎತ್ತರದ ಟೋಪಿ ಹಾಕಿ, ಬೆತ್ತ ಹಿಡಿದು ಕೂತಿರುವ ಇನ್ನೊಬ್ಬ. ಉಡುಪೇ ಅವರ ಅಂತಸ್ತು ಹೇಳುತ್ತದೆ. ಕೈಚಾಚಿದರೆ ಸಿಗುವಷ್ಟು ಹತ್ತಿರವಿದ್ದರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಈ ಬಿಗುವನ್ನು ನಗರದ ಬದುಕಿನ ಒಂಟಿತನ ಎಂದು ಓದಿದವರಿದ್ದಾರೆ. ಸಾಮಾನ್ಯರ ಬಿಡುವಿಗೆ ಪುರಾತನ ಶಿಲ್ಪದ ಘನತೆ ಕೊಟ್ಟಿದ್ದಾನೆ ಎಂದವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆ. ಅಷ್ಟು ಜನರ ನಡುವೆ ಹಿಂದೆ ಒಂದು ಮಗು ಓಡುತ್ತಿದೆ. ಓಟವನ್ನೂ ಬಿಡಿಸಬಲ್ಲ ಕೈ ಅದು. ಉಳಿದವರ ಬಿಗುವು ಬೇಕೆಂದೇ ತಂದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಕಂಡದ್ದಕ್ಕೆಲ್ಲ ಗೂಢಾರ್ಥ ಹಚ್ಚಬಾರದು. ಬಲಗಡೆ ಕೊಡೆ ಹಿಡಿದ ಹೆಂಗಸಿನ ಬಳಿ ಹಗ್ಗ ಕಟ್ಟಿದ ಕೋತಿಯೊಂದಿದೆ. ಅದನ್ನು ಹಿಡಿದುಕೊಂಡು ಆಕೆಯ ಶೀಲದ ಬಗ್ಗೆ ತೀರ್ಪು ಕೊಟ್ಟ ವಿಮರ್ಶಕರುಂಟು. ಆ ಕಾಲದ ಆಡುಮಾತಿನಲ್ಲಿ ಹೆಣ್ಣು ಕೋತಿ ಎಂದರೆ ವೇಶ್ಯೆ ಎಂಬ ಅರ್ಥವಿತ್ತು ಎಂದು ಅವರು ಆಧಾರ ಕೊಟ್ಟರೂ, ಒಂದು ಪ್ರಾಣಿಯ ಮೇಲೆ ಅಷ್ಟು ಭಾರ ಹೇರುವುದು ನನಗೆ ಸರಿಕಾಣುವುದಿಲ್ಲ. ಚಿತ್ರದುದ್ದಕ್ಕೂ ಮರುಕಳಿಸುವ ಬಿಗುವು, ಪಕ್ಕಕ್ಕೆ ತಿರುಗಿದ ಮುಖಗಳು, ಕೂಡದ ಕಣ್ಣುಗಳು: ಅರ್ಥ ಹೇಳುವವರು ಮೊದಲು ಇವುಗಳಿಗೆ ಲೆಕ್ಕ ಕೊಡಬೇಕು, ಕೋತಿಯ ಸರದಿ ಆಮೇಲೆ.